ರೇಡಿಯೋ ಮೌಲಾಸಾಬರ ಪ್ರಶ್ನೋತ್ತರ ವೇಳೆ

ಮೌಲಾಸಾಬರು ಯಾರಿಗೂ ಒಂದೇ ಪ್ರಶ್ನೆ ಕೇಳಿದವರಲ್ಲ. ಕೇಳಿದರೆ ಮೂರು ಕೇಳುತ್ತಿದ್ದರು, ಅವಕ್ಕೆ ಅ, ಆ, ಇ ಎಂದು ಗುರುತನ್ನೂ ಹಚ್ಚುತ್ತಿದ್ದರು. ಸಿಂಧನೂರಿನ ಬಸ್ ನಿಲ್ದಾಣದ ಎದುರಿನ ಶರಣಪ್ಪನ ಹೋಟೆಲಿನಲ್ಲಿ, ಬೆಂಚು ತುಂಬ ಮಂದಿ ಕೂತಿರುವಾಗ, ಗಲ್ಲಾಪೆಟ್ಟಿಗೆಯ ಮುಂದೆ ನೆಟ್ಟಗೆ ನಿಂತು ಶುರುಮಾಡುವರು: "ಶರಣಪ್ಪಾ, ಅ: ಈ ಚಹಾದಾಗ ಹಾಲು ಹಾಕಿದ್ದು ಖರೇ ಏನು? ಆ: ಖರೇ ಇದ್ರ ಎಮ್ಮೀದೋ ಪಾಕೀಟಿಂದೋ, ವಿವರ ಕೊಡು. ಇ: ಹಾಕಿಲ್ಲಂದ್ರ ಅದಕ್ಕ ಕಾರಣ ಏನು?" ಶರಣಪ್ಪ ಹಲ್ಲು ಕಡಿಯುತ್ತಿದ್ದ. ಉತ್ತರ ಬರುವ ತನಕ ಈ ಮಹಾಶಯ ಕಪ್ಪು ಮುಟ್ಟುತ್ತಿರಲಿಲ್ಲ, ಜಾಗವನ್ನೂ ಬಿಡುತ್ತಿರಲಿಲ್ಲ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಬರೆಯೋಣ. ಆದರೆ ಮೊದಲೇ ಹೇಳಿಬಿಡುತ್ತೇನೆ, ಆ ಮನುಷ್ಯನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗಿಡ್ಡ ಆಳು. ಬೆಸುಗೆ ಹಾಕಿ ಹಾಕಿ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು, ಎದುರಿನವನನ್ನು ಸದಾ ಸಂಶಯದಿಂದ ನೋಡುತ್ತಿದ್ದಾರೇನೋ ಅನ್ನಿಸುತ್ತಿತ್ತು. ಮಸ್ಕಿಯಿಂದ ದಿನಾ ಬೆಳಗಿನ ಬಸ್ಸಿಗೆ ಬಂದು, ಹೋಟೆಲಿನ ಪಕ್ಕದ ಗೂಡಿನಂಥ ಅಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ರಿಪೇರಿಯಾದ ರೇಡಿಯೋ ಸರಿಯಾಗಿದೆಯೇ ಎಂದು ನೋಡಲು ಎಲ್ಲರೂ ಹಾಡು ಹಚ್ಚಿದರೆ ಇವರು ದಿಲ್ಲಿಯ ಸಂಸತ್ತಿನ ಸುದ್ದಿ ಹಚ್ಚುತ್ತಿದ್ದರು. ಉರ್ದು ಶಾಲೆಯಲ್ಲಿ ಕಲಿತು ಹಿಂದಿಯನ್ನೂ ಓದಿಕೊಂಡವರು, ಎಲ್ಲ ತಿಳಿಯುತ್ತಿತ್ತು. ಬರಬರುತ್ತ ರೇಡಿಯೋ ತರುವವರು ನಿಂತುಹೋದರು. ಸಂಸತ್ತಿನ ಹುಚ್ಚು ಮಾತ್ರ ಬಿಡಲಿಲ್ಲ.

ನಾನು ಆಗಲೂ ಈಗಲೂ ದಿಲ್ಲಿಯ ಮೇಲ್ಮನೆಯ ಸದಸ್ಯರೊಬ್ಬರ ಊರಿನ ಕಚೇರಿಯಲ್ಲಿ ನೌಕರ. ನಮ್ಮ ಸಾಹೇಬರಿಗೆ ಬರುವ ಅರ್ಜಿಗಳನ್ನು ವಿಂಗಡಿಸಿ ದಿಲ್ಲಿಗೆ ಕಳಿಸುವುದು ನನ್ನ ಕೆಲಸ. ಮಂದಿ ರಸ್ತೆ ಕೇಳುವರು, ಬೋರ್‌ವೆಲ್ ಕೇಳುವರು, ಮಗಳಿಗೆ ಹಾಸ್ಟೆಲ್ ಸೀಟು ಕೇಳುವರು. ಮೌಲಾಸಾಬರು ಮಾತ್ರ ಸದನದಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ತರುತ್ತಿದ್ದರು, ಅದೂ ಎರಡೇ ವಿಷಯದ ಮೇಲೆ: ಸೈನ್ಯ ಮತ್ತು ಪರದೇಶ.

"ಚಾಚಾ, ನಿಮ್ಮ ಓಣ್ಯಾಗ ಗಟಾರ ತುಂಬಿ ಹರೀತೈತಿ, ಅದನ್ನ ಕೇಳ್ರಿ" ಎಂದು ಒಮ್ಮೆ ಚುಚ್ಚಿದೆ.

"ಗಟಾರ ನನ್ನ ಕಣ್ಣಿಗೆ ಕಾಣತೈತಿ ಸೆಕ್ರೆಟರಿ, ಅದಕ್ಕ ಕೇಳಾವ್ರು ಭಾಳ ಮಂದಿ ಅದಾರ. ಫೌಜಿಂದು ಯಾರಿಗೆ ಕಾಣತೈತಿ? ಪರದೇಶದವ್ರ ಜೊತಿ ಏನು ಮಾತಾಡಿ ಬಂದ್ರು, ಯಾರಿಗೆ ಕಾಣತೈತಿ? ಅಲ್ಲಿ ಬಾಗಲಾ ಹಾಕ್ಕೊಂಡು ಮಾಡ್ತಾರ. ಬಾಗಲಾ ಬಡಿಯಾಕ ಒಬ್ಬ ಬೇಕೋ ಬ್ಯಾಡೋ?"

ನನ್ನನ್ನು ಸೆಕ್ರೆಟರಿ ಎನ್ನುತ್ತಿದ್ದದ್ದು ಗೌರವದಿಂದಲ್ಲ.

ಒಮ್ಮೆ ಗಡಿಯ ಸೈನಿಕರ ಬೂಟುಗಳು ಎಲ್ಲಿ ತಯಾರಾಗುತ್ತವೆ, ಎಷ್ಟು ದಿನ ಬಾಳುತ್ತವೆ ಎಂದು ನಮ್ಮ ಸಾಹೇಬರಿಂದ ಸದನದಲ್ಲಿ ಕೇಳಿಸಿದರು. ದೇಶದ ಭದ್ರತೆಯ ಹಿತದೃಷ್ಟಿಯಿಂದ ಮಾಹಿತಿ ಕೊಡಲಾಗದು ಎಂದು ಉತ್ತರ ಬಂತು. ಮೌಲಾಸಾಬರು ಆ ದಿನ ಹೋಟೆಲಿನಲ್ಲಿದ್ದ ಎಲ್ಲರಿಗೂ ಚಹಾ ಕುಡಿಸಿದರು. "ಬೂಟಿನ ಸುದ್ದಿನೂ ಮುಚ್ಚಿಡ್ತಾರಂದ್ರ ಬೂಟು ಹರದಾವ ಅಂತನ ತಿಳಕೋರಿ! ಕೇಳಿದ್ದು ದಫ್ತರದಾಗ ಉಳೀತು, ಸಾಕು."

ಉತ್ತರ ಓದುವುದಕ್ಕೂ ಅವರದೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ದಿಲ್ಲಿಯಿಂದ ಬಂದ ಉತ್ತರದ ಹಿಂದಿ ಪ್ರತಿಯನ್ನು ನಾನು ಪ್ರಿಂಟ್ ತೆಗೆದು, ಲಕೋಟೆಯಲ್ಲಿಟ್ಟು, ಗೋಂದು ಹಚ್ಚಿ ಅಂಟಿಸಿ ಕೊಡಬೇಕು. ಅವರು ಅದನ್ನು ಮೊದಲೇ ಒಡೆದು ನೋಡುತ್ತಿರಲಿಲ್ಲ. ಹೋಟೆಲಿನಲ್ಲಿ ಮಂದಿ ಕೂಡಿದ ಮೇಲೆ ಎಲ್ಲರೆದುರು ಒಡೆದು, ಒಂದೊಂದು ಸಾಲು ಹಿಂದಿಯಲ್ಲಿ ಓದಿ, ಹಿಂದೆಯೇ ಕನ್ನಡದಲ್ಲಿ ಹೇಳುವರು. "ಮಂತ್ರಿ ಸೈತ ಸದನದ ಮುಂದ ಇಡೂಕಿಂತ ಮೊದಲ ಹೊರಗ ಹೇಳೂಹಂಗಿಲ್ಲ. ನಾ ಹ್ಯಾಂಗ ಕದ್ದು ಓದ್ಲಿ? ಹಕ್ಕುಚ್ಯುತಿ ಆಗ್ತೈತಿ." ಹಕ್ಕುಚ್ಯುತಿಯಂತೆ, ಶರಣಪ್ಪನ ಹೋಟೆಲಿಗೆ! ನಾನು ಬೆನ್ನ ಹಿಂದೆ ಬಿದ್ದುಬಿದ್ದು ನಗುತ್ತಿದ್ದೆ.

ಆ ನಗು ಒಂದು ದಿನ ನನಗೇ ತಿರುಗಿತು. ನನ್ನ ಹೆಂಡತಿಯ ಅಣ್ಣ ಸೈನ್ಯದಲ್ಲಿದ್ದಾನೆ. ಗಡಿಯಲ್ಲಿ ಏನೇನು ನಡೆದಿದೆ ಎಂದು ಅವನು ಫೋನಿನಲ್ಲಿ ಹೇಳಿದ್ದನ್ನು ನಾನು ಹೋಟೆಲಿನಲ್ಲಿ ಬಣ್ಣ ಹಚ್ಚಿ ಹೇಳುತ್ತಿದ್ದೆ. ಮೌಲಾಸಾಬರು ಎದ್ದು ನಿಂತರು. "ಅ: ನಿನ್ನ ಭಾವಮೈದಾ ಗಡಿ ಮ್ಯಾಲ ಅದಾನೇನು? ಆ: ಇದ್ರ ಯಾವ ಕೆಲಸದ ಮ್ಯಾಲ ಅದಾನ? ಇ: ಇಲ್ಲಂದ್ರ ಈ ಸುದ್ದಿ ಎಲ್ಲಿಂದ ತಂದಿ?" ನಾನು ಒಂದು ಹೇಳಿದರೆ ಅದಕ್ಕೆ ಮೂರು ಕೇಳಿದರು. ಕಡೆಗೆ, ಅವನು ಗಡಿಯಿಂದ ಬಹುದೂರದ ಕ್ಯಾಂಟೀನಿನಲ್ಲಿ ಅಡುಗೆಯವನು ಎಂದು ನನ್ನ ಬಾಯಿಂದಲೇ ಹೊರಬಿತ್ತು. ತಿಂಗಳುಗಟ್ಟಲೆ ನಾನು ಹೋದಲ್ಲೆಲ್ಲ "ಕ್ಯಾಂಟೀನ್ ಜನರಲ್ ಬಂದ್ರು, ಜಾಗ ಬಿಡ್ರಲೇ" ಎಂದು ಮಂದಿ ನಕ್ಕರು. ಮೌಲಾಸಾಬರು ನಗಲಿಲ್ಲ. ಅದೇ ಇನ್ನೂ ಹೆಚ್ಚು ಉರಿಯಿತು.

ಇಂಥ ಮನುಷ್ಯನ ಅಂಗಡಿಗೆ ಒಂದು ದಿನ ದಢೇಸುಗೂರಿನ ದುರಗಮ್ಮ ಬಂದಳು. ಭತ್ತದ ನಾಟಿಗೆ ಹೋಗುವ ಹೆಂಗಸು, ಓದು ಬರಹ ಬಾರದು. ಗಂಡ ಇಲ್ಲ, ಒಬ್ಬನೇ ಮಗ. ಮಗ ಹನುಮೇಶ ಭತ್ತ ಕೊಯ್ಯುವ ಮಷೀನು ನಡೆಸುವುದರಲ್ಲಿ ಪಳಗಿದವನು. ಪರದೇಶದ ಹೊಲದಲ್ಲಿ ಮಷೀನು ನಡೆಸುವ ಕೆಲಸವಿದೆ ಎಂದು ಏಜೆಂಟನೊಬ್ಬ ಕರೆದುಕೊಂಡು ಹೋಗಿದ್ದ. ಹೋದ ಮೇಲೆ ತಿಳಿದದ್ದು, ಅದು ಯುದ್ಧ ನಡೆದಿರುವ ದೇಶ. ಅವನ ಪಾಸ್‌ಪೋರ್ಟ್ ಕಸಿದು, ಸಮವಸ್ತ್ರ ತೊಡಿಸಿ, ಅಲ್ಲಿನ ಸೈನ್ಯದ ಗಾಡಿಗೆ ಹತ್ತಿಸಿದ್ದರು. "ಯವ್ವಾ, ಗಾಡಿ ಕೊಟ್ಟಾರ, ಒಳಗ ಗುಂಡು ತುಂಬ್ಯಾರ" ಎಂದು ಒಂದು ಸಲ ಫೋನಿನಲ್ಲಿ ಅತ್ತಿದ್ದನಂತೆ. ಆಮೇಲೆ ಫೋನಿಲ್ಲ.

ಮೌಲಾಸಾಬರು ಅಂದೇ ಪ್ರಶ್ನೆ ಬರೆದು ನನ್ನ ಮೇಜಿನ ಮೇಲಿಟ್ಟರು. ಅ: ಕೆಲಸದ ಆಸೆ ತೋರಿಸಿ ನಮ್ಮವರನ್ನು ಪರದೇಶದ ಸೈನ್ಯಕ್ಕೆ ಸೇರಿಸಿದ್ದು ಸರ್ಕಾರಕ್ಕೆ ಗೊತ್ತಿದೆಯೇ? ಆ: ಗೊತ್ತಿದ್ದರೆ ಅವರ ಹೆಸರು, ಜಿಲ್ಲೆ, ಈಗಿನ ಸ್ಥಿತಿ ಏನು? ಇ: ಗೊತ್ತಿಲ್ಲದಿದ್ದರೆ ಯಾಕೆ ಗೊತ್ತಿಲ್ಲ? "ಬರೇ ಎಷ್ಟು ಮಂದಿ ಅಂತ ಕೇಳಿದ್ರ ಒಂದು ಅಂಕಿ ಒಗದು ಕುಂಡ್ರತಾರ. ಹೆಸರು ಕೇಳಬೇಕು. ಹೆಸರು ಬರದ್ರ ಆ ಮನುಷ್ಯಾನ ಜವಾಬ್ದಾರಿ ಅವರ ಮ್ಯಾಲ ಬೀಳತೈತಿ. ತಡ ಮಾಡಬ್ಯಾಡ ಸೆಕ್ರೆಟರಿ, ಸದನಕ್ಕಿಂತ ಹದಿನೈದು ದಿನ ಮೊದಲ ದಿಲ್ಲಿಗೆ ಮುಟ್ಟಬೇಕು."

ತಡ ಮಾಡಿದೆ. ಹೆಂಡತಿಯ ತವರು ಸಂತೆಕಲ್ಲೂರಿಗೆ ಹೋದವನು ಎರಡು ದಿನ ಹೆಚ್ಚು ಉಳಿದೆ, ಅಷ್ಟೇ. ಕಾಗದ ಮೇಜಿನ ಡ್ರಾಯರಿನಲ್ಲೇ ಉಳಿಯಿತು, ಆ ಅಧಿವೇಶನದ ಗಡುವು ಮುಗಿಯಿತು. ಮುಂದಿನ ಅಧಿವೇಶನಕ್ಕೆ ಕಳಿಸಿದರಾಯಿತು ಎಂದುಕೊಂಡೆ. ಮೌಲಾಸಾಬರು ಬಿಡಬೇಕಲ್ಲ? ಸಾಹೇಬರು ಊರಿಗೆ ಬಂದಾಗ, ಮಂದಿ ಎದುರಿಗೇ ಎಲ್ಲವನ್ನೂ ಬಿಚ್ಚಿಟ್ಟರು. ಸಾಹೇಬರು ನನಗೆ ಕತ್ತೆ ಎಂದರು. ದುರಗಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಆವತ್ತು ನಾನು ಮನಸ್ಸಿನಲ್ಲೇ ಹೇಳಿಕೊಂಡೆ, ಈ ಸಾಬನ ಸೊಕ್ಕು ಒಂದು ದಿನ ಮುರಿಯಬೇಕು.

ಮುಂದಿನ ಅಧಿವೇಶನದಲ್ಲಿ ಉತ್ತರ ಬಂತು. ಮೌಲಾಸಾಬರ ಆಯುಷ್ಯದಲ್ಲೇ ಮೊದಲ ಸಲ ಸರ್ಕಾರ ಪೂರ್ತಿ ಉತ್ತರ ಕೊಟ್ಟಿತ್ತು, ಹಿಂದೆ ಹೆಸರುಗಳ ಪಟ್ಟಿಯನ್ನೂ ಲಗತ್ತಿಸಿತ್ತು. ಪ್ರಿಂಟರಿನಿಂದ ಬರುವ ಹಾಳೆಯ ಮೇಲೆ ಕಣ್ಣಾಡಿಸಿದೆ. ಹನುಮೇಶ, ಜಿಲ್ಲೆ ರಾಯಚೂರು, ಮೃತ. ಮುಂದಿನ ಕಾಲಂನಲ್ಲಿ ತಾರೀಖು. ನಾನು ಗಡುವು ತಪ್ಪಿಸಿದ ಅಧಿವೇಶನ ಮುಗಿದು ಹನ್ನೊಂದು ದಿನಕ್ಕೆ ಸತ್ತಿದ್ದ. ಅವನ ಮೇಲಿನ ಸಾಲುಗಳಲ್ಲಿ ಎಷ್ಟೋ ಜನ ಮರಳಿ ಬಂದಿದ್ದಾರೆ ಎಂದು ಬರೆದಿತ್ತು.

ಆ ಸಾಲನ್ನು ಎರಡು ಸಲ ಓದಿದೆ. ಆಮೇಲೆ ಹಾಳೆ ಮಡಚಿದೆ, ಲಕೋಟೆಯಲ್ಲಿಟ್ಟೆ, ಗೋಂದು ಹಚ್ಚಿದೆ. ನಾನೇ ಹೇಳಿದರೆ ಆ ತಾರೀಖನ್ನೂ ನಾನೇ ಹೇಳಬೇಕಾಗುತ್ತಿತ್ತು. ಅವರೇ ಓದಲಿ, ಎಲ್ಲ ಬಲ್ಲವರಲ್ಲವೇ ಎಂದುಕೊಂಡೆ. ಸಣ್ಣತನಕ್ಕೂ ಹೆದರಿಕೆಗೂ ಆವತ್ತು ನನ್ನೊಳಗೆ ಜಗಳವೇ ಆಗಲಿಲ್ಲ. ಲಕೋಟೆ ಅವರ ಕೈಗಿಟ್ಟೆ.

"ದಪ್ಪ ಐತಿ!" ಎಂದು ಅವರು ಕೈಯಲ್ಲಿ ತೂಗಿ ನೋಡಿದರು. ದುರಗಮ್ಮನನ್ನು ಊರಿಂದ ಕರೆಸಿ ಹೋಟೆಲಿನ ಮುಂದಿನ ಬೆಂಚಿನ ಮೇಲೆ ಕೂಡಿಸಿದರು. ಟೋಪಿ ಸರಿಮಾಡಿಕೊಂಡು ಲಕೋಟೆ ಒಡೆದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರ ಮುಖ ನೋಡಬೇಕೆಂದೇ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ.

ಅ: ಹೌದು, ಸರ್ಕಾರಕ್ಕೆ ಗೊತ್ತಿದೆ. ಮಂದಿ ಸೈ ಎಂದರು. ಆ: ಪಟ್ಟಿ ಲಗತ್ತಿಸಿದೆ. ಪಟ್ಟಿಯ ಮೊದಲ ಹೆಸರಿನವನು ಮರಳಿದ್ದಾನೆ. ಎರಡನೆಯವನು ಮರಳಿದ್ದಾನೆ. ಮೂರನೆಯವನನ್ನು ಕರೆತರುವ ಪ್ರಯತ್ನ ನಡೆದಿದೆ. ಒಂದೊಂದು ಹೆಸರಿಗೂ ದುರಗಮ್ಮ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಆಮೇಲೆ ಆ ಸಾಲು ಬಂತು.

"ಹನುಮೇಶ್, ಜಿಲ್ಲಾ ರಾಯಚೂರ್!" ಎಂದು ಓದಿ ಮೌಲಾಸಾಬರು ತಡೆಯಲಾರದೆ ಕೂಗಿದರು: "ದುರಗವ್ವಾ, ಬಂತಬೇ! ನಿನ್ನ ಮಗನ ಹೆಸರು ಪಾರ್ಲಿಮೆಂಟಿನಾಗ ಬಂತು!" ಶರಣಪ್ಪ ಚಪ್ಪಾಳೆ ಹೊಡೆದ. ಎಲ್ಲರೂ ಹೊಡೆದರು. ದುರಗಮ್ಮ ಎರಡೂ ಕೈ ಜೋಡಿಸಿ ನಕ್ಕಳು. ಎಷ್ಟು ತಿಂಗಳ ಮೇಲೆ ನಕ್ಕಳೋ.

ಅದೇ ಹುರುಪಿನಲ್ಲಿ ಮೌಲಾಸಾಬರು ಉಳಿದ ಸಾಲನ್ನು ಒಂದೇ ಉಸಿರಿಗೆ ಓದಿಬಿಟ್ಟರು. ಮೃತ್. ತಾರೀಖು. ಪರಿವಾರ್ ಕೋ ಸೂಚನಾ ದೀ ಗಯೀ, ಹಾಂ. ಓದಿ ಮುಗಿಸಿ, ಕನ್ನಡದಲ್ಲಿ ಹೇಳಲು ಬಾಯಿ ತೆರೆದರು. ತೆರೆದವರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಮನೆಯವರಿಗೆ ತಿಳಿಸಲಾಗಿದೆ, ಹೌದು ಎಂದು ಸರ್ಕಾರ ಬರೆದಿತ್ತು. ಆ ಗಳಿಗೆಯ ತನಕ ದಢೇಸುಗೂರಿಗೆ ಒಂದು ಚೀಟಿಯೂ ಬಂದಿರಲಿಲ್ಲ.

"ಏನಂದಿ ಮೌಲಣ್ಣಾ?" ಎಂದಳು ದುರಗಮ್ಮ. ಮುಖದ ಮೇಲೆ ನಗು ಇನ್ನೂ ಇತ್ತು. "ಇನ್ನೊಮ್ಮೆ ಓದು."

ಆ ಮನುಷ್ಯ ಇನ್ನೊಮ್ಮೆ ಓದಿದರು, ಈ ಸಲ ಕನ್ನಡದಲ್ಲಿ. ಕೇಳಿದ್ದಕ್ಕೆ ಉತ್ತರ ಕೊಡದೆ ಇರುವುದು ಅವರಿಗೆ ಗೊತ್ತೇ ಇರಲಿಲ್ಲ.

ದುರಗಮ್ಮ ಎದ್ದು ಬಂದು ಅವರ ಅಂಗಿಯ ಎದೆ ಹಿಡಿದಳು. "ಗೊತ್ತಿದ್ದು ನಗಿಸಿದ್ಯಲ್ಲೋ! ಮಂದಿ ಕೂಡಿಸಿ ಚಪ್ಪಾಳಿ ಹೊಡಿಸಿದ್ಯಲ್ಲೋ! ನಿನ್ನ ನಾಲಿಗಿ ಸೇದಿ ಹೋಗ್ಲಿ!" ಮೌಲಾಸಾಬರು ಅಂಗಿ ಬಿಡಿಸಿಕೊಳ್ಳಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು. ನಾನು ಬೀದಿಗೆ ಇಳಿದೆ.

ಊರು ಅವಳ ಮಾತನ್ನೇ ಹಿಡಿಯಿತು. ಸಾಬ ಮೊದಲೇ ಓದಿಕೊಂಡಿದ್ದ, ತನ್ನ ಹೆಸರಿಗಾಗಿ ಹಡೆದವಳ ಹೊಟ್ಟೆ ಉರಿಸಿದ ಎಂದರು. ಅಂಟಿಸಿದ ಲಕೋಟೆಯನ್ನು ಎಲ್ಲರೂ ಕಣ್ಣಾರೆ ನೋಡಿದ್ದರು. ಆದರೂ ಹಾಗೆಯೇ ಅಂದರು. ಅವರ ಅ, ಆ, ಇಗೆ ಸಿಕ್ಕಿ ಮಾನ ಕಳೆದುಕೊಂಡವರು ಊರ ತುಂಬ ಇದ್ದರಲ್ಲ. ಶರಣಪ್ಪ ಚಹಾ ಕೊಡುವುದನ್ನು ನಿಲ್ಲಿಸಿದ. ಮೌಲಾಸಾಬರು ದಢೇಸುಗೂರಿಗೆ ಎರಡು ಸಲ ಹೋಗಿ ಬಂದರಂತೆ, ಅವಳು ಎರಡೂ ಸಲ ಬಾಗಿಲು ಹಾಕಿದಳಂತೆ. ಅಂಗಡಿ ಮುಚ್ಚಿದರು.

ಕಡೆಯ ಸಲ ನೋಡಿದ್ದು ಲಿಂಗಸುಗೂರಿನಲ್ಲಿ, ಅವರ ಮಗಳ ಮನೆಯಲ್ಲಿ. ಕಾಯಿಲೆ ಬಿದ್ದು ಅರ್ಧ ಆಗಿದ್ದರು. ನನ್ನನ್ನು ಕಂಡು ಎದ್ದು ಕೂಡಲು ನೋಡಿದರು, ಆಗಲಿಲ್ಲ.

"ಬಸವರಾಜ," ಎಂದರು. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಆ ಕಾಗದ ನೀ ಮೊದಲ ಓದಿರಲಿಲ್ಲ, ಹೌದಿಲ್ಲೋ?"

"ಇಲ್ರಿ ಚಾಚಾ."

"ಛಲೋ ಆತು. ಓದಿದ್ರ ನೀನ ಹೋಗಿ ಅಕಿಗೆ ಹೇಳಬೇಕಾಗ್ತಿತ್ತು. ಭಾಳ ಕೆಟ್ಟ ಕೆಲಸಪಾ ಅದು. ಮಕ್ಕಳು ಮರಿ ಇದ್ದಾಂವ, ನಿನಗ ಬ್ಯಾಡಾಗಿತ್ತು." ದಮ್ಮು ತೆಗೆದುಕೊಂಡು ಅಂದರು: "ಒಂದು ಕೆಲಸ ಮಾಡು. ದುರಗವ್ವಗ ಹೋಗಿ ಹೇಳು, ಲಕೋಟಿ ಅಂಟಿಸಿದ್ದು ನಾನ, ಸಾಬ ಮೊದಲ ಓದಿರಲಿಲ್ಲ ಅಂತ. ಗೊತ್ತಿದ್ದು ಅಕಿನ ನಗಿಸ್ಲಿಲ್ಲ ಅಂತ. ಇಷ್ಟು ಹೇಳು, ಸಾಕು."

ಹೇಳುತ್ತೇನೆ ಎಂದು ಅವರ ಕೈ ಹಿಡಿದು ಮಾತು ಕೊಟ್ಟೆ. ಎಂಟನೇ ದಿನ ಸುದ್ದಿ ಬಂತು.

ಮಣ್ಣು ಕೊಟ್ಟ ಮರುದಿನ ದಢೇಸುಗೂರಿಗೆ ಹೋದೆ. ದುರಗಮ್ಮ ಕಾಲುವೆ ದಂಡೆಯ ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದಳು. ನನ್ನನ್ನು ಕಂಡು ಬದುವಿಗೆ ಬಂದಳು.

"ಸಾಬ ಹೋದನಂತಲ್ಲ?"

"ಹೂನವ್ವ."

"ತಮ್ಮಾ, ಖರೇ ಹೇಳು. ಅಂವ ಮೊದಲ ಓದಿದ್ದನೇನು?"

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಿನಗೆ ಹ್ಯಾಂಗ ಗೊತ್ತು ಎಂದು ಕೇಳಿದರೆ? ಹಂಗಾರ ಯಾರು ಓದಿದ್ರು ಎಂದು ಕೇಳಿದರೆ? ಆ ತಾರೀಖಿನ ಲೆಕ್ಕ ಕೇಳಿದರೆ? ಅವಳ ಕೈಯಿಂದ ಕೆಸರು ಹನಿಯುತ್ತಿತ್ತು, ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನನಗೇನು ಗೊತ್ತವ್ವ" ಎಂದೆ.

"ಹಂಗಾರ ಓದ್ಯಾನ" ಎಂದಳು. ಪಕ್ಕಕ್ಕೆ ಉಗುಳಿ, ಮತ್ತೆ ಗದ್ದೆಗೆ ಇಳಿದಳು. ನಾನು ನಾಲ್ಕರ ಬಸ್ಸಿಗೆ ಸಿಂಧನೂರಿಗೆ ಬಂದೆ.

ನಿಜವನ್ನೆಲ್ಲ ಇಲ್ಲಿ ಬರೆದಿದ್ದೇನೆ. ದುರಗಮ್ಮನಿಗೆ ಓದಲು ಬಂದಿದ್ದರೆ ಬರೆಯುತ್ತಿರಲಿಲ್ಲ.