ಹಸಿಕಾಯಿ ಒಡೆದವನ ಕೇಸು

೧೯೮೨. ಸರ್ಕಾರಿ ಮಾನಸಿಕ ಆಸ್ಪತ್ರೆಯೊಂದರಲ್ಲಿ ನಾನು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೆ. ಅಪರಾಧ ನಡೆದ ಗಳಿಗೆಯಲ್ಲಿ ಆರೋಪಿಯ ಮನಸ್ಸು ಹೇಗಿತ್ತೆಂದು ಪರೀಕ್ಷಿಸಿ ಕೋರ್ಟಿಗೆ ವರದಿ ಕೊಡುವುದೂ ನನ್ನ ಕೆಲಸವಾಗಿತ್ತು. ಆ ವರ್ಷ ತಿಪಟೂರಿನ ಕಡೆಯಿಂದ ಶಿವಣ್ಣನನ್ನು ಕರೆತಂದರು. ಬಿಳಿಗೆರೆ ಹತ್ತಿರದ ತೋಟದವನು, ವಯಸ್ಸು ಮೂವತ್ತಾರು. ಒಂದೇ ಮನೆಯಲ್ಲಿದ್ದ ಸ್ವಂತ ತಮ್ಮನಿಗೆ ಮಚ್ಚಿನಿಂದ ಹೊಡೆದಿದ್ದ. ತಮ್ಮ ಬದುಕಿಕೊಂಡ, ಬಲಗೈ ಮಾತ್ರ ಮತ್ತೆ ಮೇಲೇಳಲಿಲ್ಲ.

ಹಠಾತ್ತನೆ ಉದ್ರೇಕಗೊಂಡು ಹೊಡೆದನೆಂದಾದರೆ ಶಿಕ್ಷೆ ಕಡಿಮೆ. ಕಾದು ಕೂತು ಹೊಡೆದನೆಂದಾದರೆ ವರ್ಷಗಟ್ಟಲೆ ಜೈಲು.

"ಅಟ್ಟದ ಏಣಿ ಕೆಳಗೆ ಕೊಬ್ರಿಗೆ ಕಾಯಿ ಒಡೀತಾ ಕುಂತಿದ್ದೆ ಕಣಮ್ಮ. ಮೇಲೆ ನನ್ನೆಂಡ್ರೂ ತಮ್ಮನೂ ನಗೋದು ಕೇಳುಸ್ತು. ಮಚ್ಚು ಕೈಲೇ ಇತ್ತು. ಕಣ್ಣು ಕತ್ಲೆ ಬಂದ್ಬುಡ್ತು" ಅಂದ.

ನಂಬಿಬಿಟ್ಟೆ. ನಂಬಲು ನನಗೂ ಕಾರಣವಿತ್ತು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನ ಗಂಡನ ಬಾಯಲ್ಲಿ ಅಲ್ಲಿನ ಒಬ್ಬ ಲೆಕ್ಚರರ್ ಹೆಂಗಸಿನ ಹೆಸರು ಬಂದಾಗಲೆಲ್ಲ ನನ್ನ ಹೊಟ್ಟೆಗೆ ಕಿಚ್ಚು ಬೀಳುತ್ತಿತ್ತು. ಎರಡು ವರ್ಷದಿಂದ ಅವರ ಅಂಗಿಯ ಜೇಬು ತಡಕದೆ ನಾನು ಬಟ್ಟೆ ನೆನೆಸಿದವಳಲ್ಲ. ಶಿವಣ್ಣನ ಮೇಲೆ ಅಯ್ಯೋ ಪಾಪ ಅನ್ನಿಸಿತು. 'ಹಠಾತ್ ಉದ್ರೇಕ' ಎಂದು ಕರಡು ವರದಿಯನ್ನೂ ಬರೆದಿಟ್ಟೆ.

ಆಮೇಲೆ ಅವನ ಹೆಂಡತಿ ಗೌರಮ್ಮ ಬಂದಳು. ಆ ದಿನ ಅಟ್ಟದ ಮೇಲೆ ಮೈದುನ ಇಲಿಗೆ ಎಸೆದ ಕಾಯಿ ಅವನ ಕಾಲಿಗೇ ಬಿದ್ದದ್ದಕ್ಕೆ ಇಬ್ಬರೂ ನಕ್ಕರಂತೆ. ಗಂಡ ಒಡೆಯುತ್ತಿದ್ದ ಕಾಯಿ ಅಟ್ಟಕ್ಕೆ ಹಾಕಿ ಎಷ್ಟು ದಿನವಾಗಿತ್ತು ಎಂದು ಸುಮ್ಮನೆ ಕೇಳಿದೆ. ನಾಲ್ಕು ತಿಂಗಳು ಅಂದಳು. ಮೈಸೂರು ಪೇಟೆಯಲ್ಲಿ ಬೆಳೆದ ನನಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ, ಬರೆದುಕೊಂಡೆ. ಅವಳೇ ನನ್ನ ಪೆನ್ನು ನಿಲ್ಲಿಸಿದಳು.

"ನಾಲ್ಕ್ ತಿಂಗ್ಳ ಕಾಯಿನ ಯಾರ್ ಒಡೀತಾರೆ ಕಣಮ್ಮ? ವರ್ಷೊಪ್ಪತ್ತು ಅಟ್ಟದ ಮೇಲಿದ್ದು, ಒಳಗಿನ ನೀರೆಲ್ಲ ಇಂಗಿ, ಒಣಗಿ ಕೊಬ್ರಿ ಗಿಟುಕಾಗ್ಬೇಕು. ನಮ್ಮನೆಯೋರು ಹದಿನೈದ್ ದಿನದಿಂದ ಏಣಿ ಕೆಳಗೆ ಕುಂತು ಹಸಿಕಾಯಿ ಒಡೀತಿದ್ರು. ಹೋಳೆಲ್ಲ ದನಕ್ಕೇ ಹೋಯ್ತು."

ಕೊಬ್ಬರಿಗಾಗಿ ವರ್ಷ ಕಾಯುವ ಸೀಮೆಯ ರೈತ ಹಸಿಕಾಯಿ ಯಾಕೆ ಒಡೆದ? ಮತ್ತೆ ಶಿವಣ್ಣನನ್ನು ಕರೆಸಿ ಕೇಳಿದೆ.

"ಕೆಲ್ಸ ಇಲ್ದೆ ಅಲ್ಲಿ ಕುಂತ್ರೆ, ಕಾವ್ಲಿಗೆ ಕುಂತವ್ನೆ ಅನ್ನಲ್ವೇನಮ್ಮ ಅವ್ಳು?"

ಕರಡು ಹರಿದುಹಾಕಿದೆ. ಉದ್ರೇಕ ನಿಜ, ಆದರೆ ಅದು ಹಠಾತ್ತಲ್ಲ, ಹದಿನೈದು ದಿನ ಸಾಕಿ ಬೆಳೆಸಿದ ಅಸೂಯೆ ಎಂದು ಬರೆದೆ. ಕೋರ್ಟು ಏಳು ವರ್ಷ ಕೊಟ್ಟಿತು.

ತೀರ್ಪಿನ ದಿನ ಕೋರ್ಟಿನ ಪಡಸಾಲೆಯಲ್ಲಿ ಗೌರಮ್ಮ ಎದುರಾದಳು. ಬೈಯುತ್ತಾಳೆ ಅಂದುಕೊಂಡಿದ್ದೆ. "ಅಷ್ಟ್ ದಿನ ಕುಂತ್ರಲ್ಲ, ಒಂದ್ ಸಲ ಬಾಯ್ಬುಟ್ಟು ಕೇಳ್ಲಿಲ್ಲ ಕಣಮ್ಮ" ಅಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಅಪರಾಧದ ಗಳಿಗೆಯನ್ನಷ್ಟೇ ನೋಡಿ ಮನಸ್ಸನ್ನು ಅಳೆಯುವುದನ್ನು ಅಂದಿಗೆ ಬಿಟ್ಟೆ. ಅಸೂಯೆಯ ಪ್ರತಿ ಕೇಸಿನಲ್ಲೂ ಒಂದು ಪ್ರಶ್ನೆ ಸೇರಿಸಿಕೊಂಡೆ: ನೀವು ಅವರನ್ನು ಕೇಳಿದಿರಾ? ಮೂವತ್ತು ವರ್ಷದಲ್ಲಿ ಹೌದು ಅಂದವರು ತೀರ ಕಡಿಮೆ.

ತೀರ್ಪಿನ ದಿನ ಸಂಜೆ ಮನೆಗೆ ಹೋದವಳೇ ಆ ಲೆಕ್ಚರರ್ ಬಗ್ಗೆ ನನ್ನ ಗಂಡನನ್ನು ಕೇಳಿದೆ. ಅವರು ಕೊಟ್ಟ ಉತ್ತರ ನನಗೆ ಹಿಡಿಸಲಿಲ್ಲ. ಆದರೂ ಆ ರಾತ್ರಿ, ಎರಡು ವರ್ಷದಲ್ಲಿ ಮೊದಲ ಸಲ, ನಿದ್ದೆ ಬಂತು.