ಬಾಗಿಲಿಗೆ ಬಂದಿದ್ದ ತಪಾಸಣೆ ಬಸ್ಸು

ಆ ಬೀದಿಯ ಲಾಂಡ್ರಿಯಲ್ಲಿ ಇಬ್ಬರು ಓರಗಿತ್ತಿಯರು ಇಸ್ತ್ರಿ ಮಾಡುತ್ತಿದ್ದರು. ಅಣ್ಣನ ಹೆಂಡತಿ ದೊಡ್ಡಾಕೆ, ತಮ್ಮನ ಹೆಂಡತಿ ಚಿಕ್ಕಾಕೆ. ಗಿರಾಕಿಗಳೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ದೊಡ್ಡಾಕೆಯ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಆದರೂ ಬಾಗಿಲ ಪಕ್ಕದ ಮೇಜನ್ನು ಅವಳು ಬಿಟ್ಟಿರಲಿಲ್ಲ. ಒಳಗಿನ ಮೇಜು ಚಿಕ್ಕಾಕೆಯದು. ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರದ ಜೊತೆ ಗುದ್ದಾಡುತ್ತಿದ್ದವನು ಮೈದುನ, ಚಿಕ್ಕಾಕೆಯ ಗಂಡ.

ಬೇಸಿಗೆಯಲ್ಲಿ ಆ ಅಂಗಡಿ ಕಾದ ಹೆಂಚಿನಂತಿರುತ್ತಿತ್ತು. ಹಬೆ, ಗಂಜಿಯ ವಾಸನೆ, ಮುಗಿಯದ ಹೊದಿಕೆಗಳು. ದಿನ ದೂಡಲು ನೆರವಾಗುತ್ತಿದ್ದದ್ದು ದೊಡ್ಡಾಕೆಯ ಬಾಯಿ. ಹೊರಗೆ ಹೋಗಿ ಬಂದವರು ಒಂದು ಕತೆ ತರಬೇಕು ಎಂಬುದು ಅವರಲ್ಲೇ ಬೆಳೆದುಬಂದ ಕಟ್ಟಳೆ. ಹಲ್ಲು ಕೀಳಿಸಿಕೊಂಡು ಬಂದ ದಿನವೂ ಅವಳು ದವಡೆಗೆ ಹತ್ತಿ ಒತ್ತಿಕೊಂಡೇ ಡಾಕ್ಟರ ಅಣಕ ಮಾಡಿದ್ದಳು. ಕತೆಯಲ್ಲಿ ಒಂದು ಪಾಲು ನಡೆದದ್ದು, ಮೂರು ಪಾಲು ಅವಳದು. ಅದು ಎಲ್ಲರಿಗೂ ಗೊತ್ತಿತ್ತು. ಯಾರೂ ಲೆಕ್ಕ ಕೇಳುತ್ತಿರಲಿಲ್ಲ.

ಒಂದು ದಿನ ಆರೋಗ್ಯ ಇಲಾಖೆಯ ಬಸ್ಸು ಅಂಗಡಿಯ ಎದುರೇ ಬಂದು ನಿಂತಿತು. ನಲವತ್ತು ದಾಟಿದ ಹೆಂಗಸರಿಗೆ ಸ್ತನದ ತಪಾಸಣೆ. ಯಾವ ತೊಂದರೆ ಇಲ್ಲದವರೂ ಬರಬೇಕು, ರೋಗ ಕಾಣಿಸಿಕೊಳ್ಳುವ ಮುಂಚೆಯೇ ಹಿಡಿಯುವುದಕ್ಕೇ ಇದು ಎಂದು ದಾದಿಯೊಬ್ಬಳು ಮನೆಮನೆಗೂ ಹೇಳಿಹೋದಳು. ಇಬ್ಬರೂ ಒಟ್ಟಿಗೆ ಹೋದರೆ ಇಸ್ತ್ರಿ ನಿಲ್ಲುತ್ತದೆ. ಬೆಳಿಗ್ಗೆ ದೊಡ್ಡಾಕೆ, ಊಟವಾದ ಮೇಲೆ ಚಿಕ್ಕಾಕೆ ಎಂದು ಗೊತ್ತುಮಾಡಿಕೊಂಡರು.

ದೊಡ್ಡಾಕೆ ಹೋಗಿಬಂದಳು. ನಿಜ ಹೇಳಬೇಕೆಂದರೆ ಒಂದು ಗಳಿಗೆ ಬಿಗಿಯಾಗಿ ಒತ್ತಿದಂತಾಗಿತ್ತು, ನೋವು ಎನ್ನುವಷ್ಟರಲ್ಲಿ ಮುಗಿದೂ ಹೋಗಿತ್ತು. ಆದರೆ ಅಷ್ಟಕ್ಕೆ ಯಾರು ನಗುತ್ತಾರೆ? ಅವಳು ಬಾಗಿಲಲ್ಲೇ ಎದೆ ಹಿಡಿದುಕೊಂಡು ನಿಂತಳು.

"ಏನಾಯ್ತಕ್ಕ?" ಎಂದಳು ಚಿಕ್ಕಾಕೆ.

"ಕಾಲರ್ ಒತ್ತಿದ ಹಾಗೆ ಒತ್ತಿಬಿಟ್ಟರು ಕಣೇ. ನೀರು ಚಿಮುಕಿಸಲಿಲ್ಲ, ಅದೊಂದು ಬಾಕಿ."

ಚಿಕ್ಕಾಕೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ನಗು ಬಂದರೆ ಬಟ್ಟೆ ಸುಟ್ಟೀತು.

"ಉಸಿರು ಬಿಗಿಹಿಡೀರಿ ಅಂದಳು ಆ ಹುಡುಗಿ. ಬಿಡಿ ಅನ್ನೋದು ಮರೆತೇಬಿಟ್ಟಳು. ನಾನಿನ್ನೂ ಬಿಟ್ಟಿಲ್ಲ ನೋಡು."

ಕೆನ್ನೆ ಉಬ್ಬಿಸಿಕೊಂಡು ನಿಂತ ಅವಳನ್ನು ನೋಡಿ ಬಟ್ಟೆ ಒಯ್ಯಲು ಬಂದಿದ್ದ ದರ್ಜಿಯ ಹೆಂಡತಿಯೂ ನಕ್ಕಳು. ಹಿಂದಿನ ಕೋಣೆಯಿಂದ ಮೈದುನ ಇಣುಕಿದ. ಚಿಕ್ಕಾಕೆಗಂತೂ ಕಣ್ಣಲ್ಲಿ ನೀರು ಬಂತು.

"ನಾನು ಹೋಗಲ್ಲಪ್ಪ," ಎಂದಳು ಕಣ್ಣೊರೆಸಿಕೊಳ್ಳುತ್ತ. "ನನ್ನ ಕಾಲರ್ ಸುಕ್ಕಾಗಿಯೇ ಇರಲಿ."

ಮತ್ತೊಮ್ಮೆ ನಗು. ಮಧ್ಯಾಹ್ನ ಹೋಟೆಲಿನ ಹೊದಿಕೆಗಳ ರಾಶಿ ಬಂತು, ಚಿಕ್ಕಾಕೆ ಮೇಜು ಬಿಟ್ಟು ಕದಲಲಿಲ್ಲ. ಸಂಜೆ ಬಸ್ಸು ಹೊರಟಾಗ ದೊಡ್ಡಾಕೆ ಅದರ ಹೊಗೆಗೆ ಬಾಗಿಲು ಮುಚ್ಚಿದಳು. ಅವಳ ವರದಿ ಬಂತು, ಏನೂ ಇರಲಿಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ಚಿಕ್ಕಾಕೆಗೆ ಹೊದಿಕೆ ಹರವಲು ಎಡಗೈ ಮೇಲೇಳದಾಯಿತು. ಕೆಲಸದ ನೋವು ಎಂದು ಮುಲಾಮು ತಿಕ್ಕಿದರು. ಕೊನೆಗೆ ದೊಡ್ಡಾಕೆಯೇ ಗದರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸ್ತನದ ಕ್ಯಾನ್ಸರು, ಕಂಕುಳಿಗೂ ಬೆನ್ನ ಮೂಳೆಗೂ ಹರಡಿದೆ, ನೋವು ತಗ್ಗಿಸಬಹುದು, ಉಳಿದದ್ದು ನಮ್ಮ ಕೈಯಲ್ಲಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯ ಓಣಿಯಂಥ ಹಾದಿಯಲ್ಲಿ, ಔಷಧಿ ಚೀಟಿ ಮಡಚುತ್ತ, ಮೈದುನ ಒಂದೇ ಒಂದು ಮಾತು ಆಡಿದ.

"ಬಸ್ಸು ನಮ್ಮ ಬಾಗಿಲಲ್ಲೇ ನಿಂತಿತ್ತು ಅತ್ತಿಗೆ."

ಅಲ್ಲಿಂದಾಚೆಗೆ ಅವನು ಅವಳೊಂದಿಗೆ ಬಟ್ಟೆಯ ಗಂಟಿನ ವಿಷಯ ಬಿಟ್ಟು ಬೇರೇನೂ ಮಾತನಾಡಲಿಲ್ಲ. ಊಟದ ತಟ್ಟೆಯನ್ನು ಹಿಂದಿನ ಕೋಣೆಗೇ ಒಯ್ಯುತ್ತಿದ್ದ. ಬೈದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆಯ ಸದ್ದೊಂದೇ ಉಳಿಯಿತು. ದರ್ಜಿಯ ಹೆಂಡತಿ ಬಂದರೂ ಬಟ್ಟೆ ಎಣಿಸಿಕೊಂಡು ಬೇಗ ಹೊರಡುತ್ತಿದ್ದಳು.

ಚಿಕ್ಕಾಕೆ ಆಸ್ಪತ್ರೆಯ ಹಾಸಿಗೆಯಲ್ಲಿ ದಿನೇ ದಿನೇ ಸಣ್ಣಗಾದಳು. ದೊಡ್ಡಾಕೆ ಸಂಜೆಗಳಲ್ಲಿ ಬಂದು ಕಾಲು ಒತ್ತುತ್ತ ಕೂರುತ್ತಿದ್ದಳು. ಒಂದು ಸಂಜೆ ಮೈದುನ ಹಣ್ಣು ತರಲು ಹೊರಗೆ ಹೋದಾಗ ಚಿಕ್ಕಾಕೆ ಅವಳ ಕೈ ಹಿಡಿದಳು.

"ಇವರು ನಿನ್ನ ಜೊತೆ ಮಾತು ಬಿಟ್ಟಿದ್ದಾರೆ ಅಲ್ವಾ?"

"ಯಂತ್ರದ ಸದ್ದಲ್ಲಿ ಯಾರ ಮಾತು ಯಾರಿಗೆ ಕೇಳುತ್ತೆ, ಮಲಗು."

"ಅಕ್ಕ, ಬಸ್ಸು ಬರೋಕೆ ಮುಂಚೇನೇ ಈ ಗಂಟು ನನ್ನ ಕೈಗೆ ಸಿಕ್ಕಿತ್ತು. ಸ್ನಾನ ಮಾಡುವಾಗ. ಕೋಟಿನ ಗುಂಡಿಯಷ್ಟಿತ್ತು."

"ಮತ್ತೆ ಯಾಕೆ ಹೋಗಲಿಲ್ಲ?" ಎಂದಳು ದೊಡ್ಡಾಕೆ.

"ಹೋದರೆ ಅದೇನು ಅಂತ ಹೇಳಿಬಿಡ್ತಿದ್ದರಲ್ಲ." ಚಿಕ್ಕಾಕೆ ದಿಂಬಿಗೆ ತಲೆ ಒರಗಿಸಿದಳು. "ನೀನು ನಗಿಸಿದೆ. ನನಗೊಂದು ನೆಪ ಸಿಕ್ತು, ಅಷ್ಟೇ. ಇವರಿಗೆ ಹೇಳೋಕೆ ನನ್ನ ಕೈಲಾಗಲಿಲ್ಲ. ನೀನೇ ಹೇಳು. ನಿನ್ನ ಮೇಲಿನ ಸಿಟ್ಟಾದರೂ ಹೋಗಲಿ."

ಅಷ್ಟರಲ್ಲಿ ಮೈದುನ ಹಣ್ಣಿನ ಚೀಲದೊಂದಿಗೆ ಬಂದ. ಮಾತು ಅಲ್ಲಿಗೇ ನಿಂತಿತು.

ಮನೆಗೆ ನಡೆಯುತ್ತ ದೊಡ್ಡಾಕೆಗೆ ಮೊದಲು ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬೀದಿಯ ತಿರುವು ದಾಟುವಷ್ಟರಲ್ಲಿ ಇನ್ನೊಂದು ಅನುಮಾನ ಹುಟ್ಟಿತು. ಇದು ನಡೆದದ್ದೇ, ಇಲ್ಲ ತನಗಾಗಿ ಕಟ್ಟಿ ಹೇಳಿದ್ದೇ? ಅಷ್ಟು ವರ್ಷ ತನ್ನ ಕತೆಗಳನ್ನು ಕೇಳಿದವಳು ಸಾಯುವ ಮುನ್ನ ತಾನೂ ಒಂದನ್ನು ಕಟ್ಟಿರಬಹುದು. ನಾಳೆ ಆಣೆ ಹಾಕಿಸಿ ಕೇಳಬೇಕು ಎಂದುಕೊಂಡಳು. ಮರುದಿನ ಹೋದಾಗ ಚಿಕ್ಕಾಕೆಗೆ ಎಚ್ಚರವಿರಲಿಲ್ಲ. ಮತ್ತೆ ಎಚ್ಚರವಾಗಲೂ ಇಲ್ಲ.

ಮಣ್ಣು ಮಾಡಿ ಬಂದ ಕೆಲವು ದಿನಗಳ ಬಳಿಕ ಅಂಗಡಿ ತೆರೆದರು. ಒಳಗಿನ ಮೇಜಿನ ಹತ್ತಿರ ಈಗ ಮೈದುನ ನಿಂತಿದ್ದ. ಅವನಿಗೆ ತೋಳಿನ ಮಡಿಕೆ ಬರುತ್ತಿರಲಿಲ್ಲ; ಒಂದೇ ಅಂಗಿಯನ್ನು ಬಿಚ್ಚಿ ಬಿಚ್ಚಿ ಮಡಚುತ್ತಿದ್ದ. ದೊಡ್ಡಾಕೆ ಹತ್ತಿರ ಹೋಗಿ ಅದನ್ನು ತೆಗೆದುಕೊಂಡು, ತೋಳನ್ನು ಹಿಂದಕ್ಕೆ ತಿರುಗಿಸಿ ತೋರಿಸಿದಳು.

"ಅವಳು ನನ್ನ ಹತ್ತಿರ ಯಾವತ್ತೂ ಏನೂ ಮುಚ್ಚಿಟ್ಟವಳಲ್ಲ," ಎಂದ ಅವನು ಅಂಗಿಯನ್ನೇ ನೋಡುತ್ತ. "ನೋವು ಶುರುವಾದ ದಿನಾನೇ ಹೇಳಿದಳು. ಮುಂಚೆ ಗೊತ್ತಾಗಿದ್ದರೆ ಹೊತ್ತುಕೊಂಡಾದರೂ ಹೋಗ್ತಿದ್ದೆ."

ಮಾತು ದೊಡ್ಡಾಕೆಯ ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ಅವಳ ಹೊರೆ ಇಳಿಯುತ್ತಿತ್ತು, ಅವನ ಪಾಲಿಗೆ ಉಳಿದಿದ್ದ ಹೆಂಡತಿ ಇಲ್ಲವಾಗುತ್ತಿದ್ದಳು.

"ನೀವು ಒಂದು ಸಲ, ಹೋಗಿ ಬಾ ಅಂದಿದ್ದರೆ ಸಾಕಿತ್ತು ಅತ್ತಿಗೆ."

"ಹೌದಪ್ಪ," ಎಂದಳು ದೊಡ್ಡಾಕೆ. "ಅನ್ನಬೇಕಿತ್ತು."