ನನ್ನನ್ನು ತೂಗಿ ನೋಡಿದ ಔಷಧಿ ಅಂಗಡಿಯಮ್ಮ

ಔಷಧಿ ಅಂಗಡಿಯಮ್ಮ ನನ್ನನ್ನು ಅಳಿಯನನ್ನಾಗಿ ಮಾಡಿಕೊಳ್ಳಲು ನೋಡುತ್ತಿದ್ದಾರೆಂದು ಆ ವರ್ಷವೆಲ್ಲ ನಾನು ನಂಬಿದ್ದೆ. ನಂಬದೆ ಏನು ಮಾಡಲಿ? ಹೋದಾಗಲೆಲ್ಲ ಬಾಗಿಲ ಬೆಳಕಿಗೆ ನಿಲ್ಲಿಸಿ ನನ್ನ ಕಣ್ಣನ್ನೇ ದಿಟ್ಟಿಸುತ್ತಿದ್ದರು. ಮೂಲೆಯ ತೂಕದ ಯಂತ್ರದ ಮೇಲೆ ಹತ್ತಿಸುತ್ತಿದ್ದರು. "ಊಟ ಸೇರುತ್ತೇನಪ್ಪಾ? ನಿದ್ದೆ ಬರುತ್ತಾ?" ಎಂದು ವಿಚಾರಿಸುತ್ತಿದ್ದರು. ಗಲ್ಲಾದ ಹಿಂದೆ ಮಗಳು ನಗು ತಡೆದುಕೊಳ್ಳುತ್ತಿದ್ದಳು. ಅದನ್ನು ನಾನು ನಾಚಿಕೆ ಎಂದುಕೊಂಡೆ. ನೋವಿನ ಮಾತ್ರೆ ತರಲು ತಲೆ ಬಾಚಿಕೊಂಡು ಹೊರಡುವ ಮಹಾಶಯ ಇಡೀ ವಿಶ್ವವಿದ್ಯಾಲಯದಲ್ಲಿ ನಾನೊಬ್ಬನೇ ಇದ್ದಿರಬೇಕು.

ಮಾತ್ರೆ ನನಗಲ್ಲ, ಹಾಸ್ಟೆಲ್ ಕೋಣೆಯ ಜೊತೆಗಾರನಿಗೆ. ಅವನು ನಮ್ಮ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಭುಜ ಜಾರಿದಾಗ ಡಾಕ್ಟರು ಒಂದು ವಾರಕ್ಕೆಂದು ಬರೆದುಕೊಟ್ಟಿದ್ದರು. ವಾರ ಕಳೆಯಿತು, ಭುಜ ನೆಟ್ಟಗಾಯಿತು, ಚೀಟಿ ಮಾತ್ರ ನನ್ನ ಜೇಬಿನಲ್ಲೇ ಓಡಾಡಿತು. ಪರೀಕ್ಷೆಯ ದಿಗಿಲಿಗೊಂದು, ನಿದ್ದೆಗೊಂದು ಎಂದು ಅವನು ನುಂಗುತ್ತಲೇ ಇದ್ದ. "ನೀನೇ ಹೋಗೋ, ನಿನ್ನ ಕಂಡ್ರೆ ಅವರಿಗೆ ಇಷ್ಟ" ಎಂದರೆ ಸಾಕು, ನಾನು ಚಪ್ಪಲಿ ಮೆಟ್ಟುತ್ತಿದ್ದೆ.

ಒಂದು ಮಧ್ಯಾಹ್ನ ತೂಕದ ಮುಳ್ಳು ನೋಡಿ ಅಮ್ಮ ಚೀಟಿಯನ್ನು ಮಡಚಿ ತಮ್ಮಲ್ಲೇ ಇಟ್ಟುಕೊಂಡರು.

"ಇದನ್ನ ಇಷ್ಟು ದಿನ ತಿಂದೋರು ಸೊರಗಿ ಹೋಗ್ತಾರೆ. ನೀನು ನೋಡಿದ್ರೆ ಕುಂಬಳಕಾಯಿ ಥರ ಊದ್ತಿದ್ದೀಯ. ಯಾರಿಗೋ ಇದು?"

"ಸ್ನೇಹಿತನಿಗೆ... ಹಾಗಾದ್ರೆ ನೀವು ನನ್ನ ಹಾಗೆ ನೋಡ್ತಿದ್ದದ್ದು..."

"ನೀನೇ ನುಂಗ್ತಿದ್ದೀಯೇನೋ ಅಂತ. ಇನ್ನೇನಂದ್ಕೊಂಡೆ?"

ಈ ಸಲ ಮಗಳು ನಗು ತಡೆಯಲಿಲ್ಲ. ಅಷ್ಟರಲ್ಲಿ ಅಮ್ಮ ಅಂಗಡಿಯನ್ನು ಅವಳಿಗೊಪ್ಪಿಸಿ, "ನಡಿ, ಅವನನ್ನ ತೋರಿಸು" ಎಂದು ಬೀದಿಗಿಳಿದಿದ್ದರು.

ಹಾಸ್ಟೆಲ್ ಕೋಣೆಯಲ್ಲಿ ಅವನು ಸೆಕೆಯಲ್ಲೂ ಕಂಬಳಿ ಹೊದ್ದು ನಡುಗುತ್ತಿದ್ದ. "ತಂದ್ಯಾ?" ಎಂದವನು ಅಮ್ಮನನ್ನು ಕಂಡು ಗೋಡೆಗೆ ಮುಖ ತಿರುಗಿಸಿದ. ಅವರು ಬೈಯಲಿಲ್ಲ. ನಮ್ಮ ಸ್ನಾನದ ಬಕೆಟ್ ಬೋರಲು ಹಾಕಿ ಕೂತರು.

"ಏಳು ಮಗಾ, ಡಾಕ್ಟರ ಹತ್ರ ಹೋಗೋಣ. ದಿಢೀರಂತ ಬಿಟ್ರೆ ಮೈ ಕೇಳಲ್ಲ, ಅವರು ನಿಧಾನಕ್ಕೆ ಬಿಡಿಸ್ತಾರೆ."

"ಮನೇಲಿ ಗೊತ್ತಾದ್ರೆ ಓದು ನಿಲ್ಲಿಸ್ತಾರಮ್ಮ."

"ಮೊದ್ಲು ನೀನು ಉಳಿ. ಓದು ಎಲ್ಲೂ ಓಡಿ ಹೋಗಲ್ಲ."

ಅವನು ಉಳಿದ. ಸಲೀಸಾಗಿ ಅಲ್ಲ, ಆ ಸಲದ ಪರೀಕ್ಷೆ ಕೈತಪ್ಪಿತು, ಅವನ ಅಪ್ಪ ಬಂದು ಕೂಗಾಡಿದರು. ಅವರನ್ನೂ ತಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟು ತಣ್ಣಗೆ ಮಾಡಿದವರು ಅಂಗಡಿಯಮ್ಮನೇ. ಈಗ ಅವನು ಶಾಲೆಯೊಂದರಲ್ಲಿ ಮಕ್ಕಳಿಗೆ ಚೆಂಡು ಹಿಡಿಯಲು ಕಲಿಸುತ್ತಾನೆ. ನಾನು ಕೊರಿಯರ್ ಕಚೇರಿಯಲ್ಲಿ ಪೊಟ್ಟಣ ತೂಗುತ್ತೇನೆ. ತೂಕ ನನ್ನ ಬೆನ್ನು ಬಿಟ್ಟಿಲ್ಲ. ಅಂಗಡಿಯಮ್ಮನ ಮಗಳ ಮದುವೆಯಲ್ಲಿ ಕುರ್ಚಿ ಜೋಡಿಸಿದವನೂ ನಾನೇ. ಆ ಮನೆಯ ಕೆಲಸ ಮಾಡಿಕೊಟ್ಟಷ್ಟೂ ಋಣ ತೀರದು ಎನ್ನಿಸುತ್ತದೆ.

ಮೊನ್ನೆ ಅಂಗಡಿಗೆ ಹೋದಾಗ, ಬಹಳ ದಿನ ನುಂಗಿಕೊಂಡಿದ್ದ ಪ್ರಶ್ನೆ ಬಾಯಿಗೆ ಬಂದೇಬಿಟ್ಟಿತು. "ಅಮ್ಮಾ, ಚೀಟಿ ಹಳೇದು ಅಂತ ನಿಮಗೆ ಮೊದಲೇ ಗೊತ್ತಿತ್ತು, ನನ್ನ ಮೇಲೆ ಅನುಮಾನಾನೂ ಇತ್ತು. ಆದ್ರೂ ಅಷ್ಟು ದಿನ ಯಾಕೆ ಕೊಟ್ರಿ?"

ಅವರು ಗಾಜಿನ ಕಪಾಟು ಒರೆಸುತ್ತಲೇ ಇದ್ದರು.

"ವ್ಯಾಪಾರ ಆಗ್ತಿತ್ತು, ಕೊಟ್ಟೆ. ಕೊಡಬಾರದಿತ್ತು."